ಬಾನ್‌ವಿಲ್ ಉಪ್ಪುಬಯಲಿನ ಹಳೆಯ ನೆಗೆಟಿವ್ ಉಳಿಸುವ ಬಗೆ

ಅಮೆರಿಕದ ಯೂಟಾ ರಾಜ್ಯದ ಬಾನ್‌ವಿಲ್‌ನಲ್ಲಿ ನಡೆದ ಕಾರುಗಳ ವೇಗದೋಟದ ಹಳೆಯ ನೆಗೆಟಿವ್ ಕೈಗೆ ಬಂದರೆ, ಮೊದಲು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಎಂಬ ಪ್ಲಾಸ್ಟಿಕ್‌ನ ಫಿಲ್ಮ್ ಕೊಳೆಯತೊಡಗಿದೆ. ಆ ಆವಿ ಪಕ್ಕದ ಫಿಲ್ಮನ್ನೂ ಕೆಡಿಸುತ್ತದೆ, ಬೇರ್ಪಡಿಸಿ ಅದನ್ನೇ ಮೊದಲು ಸ್ಕ್ಯಾನ್ ಮಾಡಿ. 35 ಮಿ.ಮೀ. ನೆಗೆಟಿವ್‌ಗೆ 3000 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ), ಮುದ್ರಿತ ಚಿತ್ರಕ್ಕೆ 600, ಎರಡೂ ಟಿಫ್ ಎಂಬ ಫೈಲ್ ಬಗೆಯಲ್ಲಿ. ಪಿವಿಸಿ ಲಕೋಟೆ ಬೇಡ, ಪಾಲಿಪ್ರೊಪಿಲೀನ್ ಸಾಕು.

ನಿಜವಾದ ಕಷ್ಟ ಗುರುತಿಸುವುದರಲ್ಲಿ. ಒಂದೇ ರೋಡ್‌ಸ್ಟರ್ (ಚಾವಣಿಯಿಲ್ಲದ ಕಾರು) ಎಂಜಿನ್ ಬದಲಿಸಿ ಬೇರೆ ಬೇರೆ ಸ್ಪರ್ಧಾ ವರ್ಗಗಳಲ್ಲಿ ಓಡುತ್ತಿತ್ತು. ಹಿನ್ನೆಲೆ ಉಪ್ಪಾದರೆ ಬಾನ್‌ವಿಲ್, ಬಿರುಕುಬಿಟ್ಟ ಮಣ್ಣಾದರೆ ಕ್ಯಾಲಿಫೋರ್ನಿಯಾದ ಎಲ್ ಮಿರಾಜ್‌ನಂಥ ಒಣಕೆರೆ. ಬಾನ್‌ವಿಲ್‌ನಲ್ಲಿ ಸ್ಪೀಡ್ ವೀಕ್ ಎಂಬ ವಾರ್ಷಿಕ ವೇಗದೋಟ ಶುರುವಾದದ್ದೇ 1949ರಲ್ಲಿ. ಹಾಗಾಗಿ ಬಾನ್‌ವಿಲ್ ಚಿತ್ರದ ಮೇಲಿನ 1948 ಎಂಬ ಟಿಪ್ಪಣಿಯನ್ನು ಕಣ್ಣುಮುಚ್ಚಿ ನಂಬಬೇಡಿ, ಆದರೆ ಅಳಿಸಲೂ ಬೇಡಿ. ಒಂದು ಓಟದ ವೇಗವನ್ನೂ ಎರಡು ಓಟಗಳ ಸರಾಸರಿಯ ದಾಖಲೆಯನ್ನೂ ಬೇರೆಯಾಗಿ ಬರೆಯಿರಿ. ಚಿತ್ರದ ಹಿಂದೆ ಮೆದು ಪೆನ್ಸಿಲ್ ಮಾತ್ರ. ಓಟದ ವೇಗ ಕೆತ್ತಿದ ಹಿತ್ತಾಳೆಯ ಟೈಮಿಂಗ್ ಫಲಕಕ್ಕೆ ಪಾಲಿಶ್ ಹಚ್ಚಿದರೆ ಅಕ್ಷರವೇ ಸವೆದೀತು.