ಪಿಎಚ್‌ಡಿಗೂ ಮುಯ್ಯಾಳು

ನಮ್ಮ ಊರು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಕಡೆ. ಶೇಂಗಾ ಕೀಳುವ ಕಾಲಕ್ಕೆ ಕೂಲಿ ಆಳು ಸಿಗುವುದು ಕಷ್ಟ. ಆಗ ಮುಯ್ಯಾಳು ಮಾಡುತ್ತಾರೆ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ದುಡ್ಡಿನ ಮಾತಿಲ್ಲ, ಆದರೆ ಲೆಕ್ಕ ಎಲ್ಲರ ತಲೆಯಲ್ಲೂ ಇರುತ್ತದೆ. ಬಳ್ಳಾರಿಯಲ್ಲಿ ನಾವು 5 ಜನ ಸಂಶೋಧನಾ ವಿದ್ಯಾರ್ಥಿಗಳು 2 ವರ್ಷದಿಂದ ಮಾಡುತ್ತಿರುವುದೂ ಇದನ್ನೇ.

ನಾನು ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಜೊತೆಗೆ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ನನ್ನ ಎರಡನೇ ವರ್ಷದಲ್ಲಿ, ಕೋರ್ಸ್‌ವರ್ಕ್ (ಪಿಎಚ್‌ಡಿಯ ಮೊದಲ ಹಂತದ ಪಾಠ) ನನ್ನ ಜೊತೆಗೇ ಮುಗಿಸಿದ್ದ ಗೆಳತಿ ಎಲ್ಲಾ ಬಿಟ್ಟು ಊರಿಗೆ ಹೋದಳು. 8 ತಿಂಗಳಿಂದ ಒಂದೇ ಅಧ್ಯಾಯದಲ್ಲಿ ಸಿಕ್ಕಿಕೊಂಡಿದ್ದಳು ಅಂತ ಆಮೇಲೆ ಗೊತ್ತಾಯಿತು. ದಿನಾ ಗ್ರಂಥಾಲಯದಲ್ಲಿ ಎದುರುಬದುರು ಕೂರುತ್ತಿದ್ದೆವು. "ಹೆಂಗ ನಡದೈತಿ?" ಅಂದರೆ "ನಡದೈತಿ" ಅನ್ನುತ್ತಿದ್ದಳು. ಅವಳು ಕೇಳಿದರೆ ನಾನೂ ಹಾಗೇ ಅನ್ನುತ್ತಿದ್ದೆ. ನನ್ನದೂ ನಡೆದಿರಲಿಲ್ಲ. ಒಂದು ಸಲ ನಿಜ ಹೇಳಿದ್ದರೆ ಅವಳೂ ಬಾಯಿ ಬಿಡುತ್ತಿದ್ದಳೇನೋ ಅಂತ ಇವತ್ತಿಗೂ ಸಂಕಟವಾಗುತ್ತದೆ.

ಮೊದಲು ವಾಟ್ಸಾಪ್ ಗುಂಪು ಮಾಡಿದೆ. 40 ಜನ ಸೇರಿದರು. ಕೆ-ಸೆಟ್ (ಉಪನ್ಯಾಸಕರ ರಾಜ್ಯ ಅರ್ಹತಾ ಪರೀಕ್ಷೆ) ಅಧಿಸೂಚನೆ, ಸೆಮಿನಾರ್ ಕರಪತ್ರ ಎಲ್ಲಾ ಬರುತ್ತಿದ್ದವು. ಅದರಿಂದ ಉಪಯೋಗ ಇತ್ತು. ಆದರೆ 40 ಜನರ ಮುಂದೆ "ನನಗೆ ಬರೆಯೋಕೆ ಆಗ್ತಿಲ್ಲ" ಅಂತ ಯಾರು ಹಾಕುತ್ತಾರೆ? ಹಾಗಾಗಿ ಒಬ್ಬೊಬ್ಬರನ್ನೇ ಖುದ್ದಾಗಿ ಕೇಳಿದೆ. ನಾನೂ ಸೇರಿ ಇತಿಹಾಸದವರು ಇಬ್ಬರು, ಕನ್ನಡ, ಅರ್ಥಶಾಸ್ತ್ರ ಮತ್ತು ಸಮಾಜಶಾಸ್ತ್ರದವರು ಒಬ್ಬೊಬ್ಬರು. ಒಬ್ಬ ಗೈಡ್ ಕೈಕೆಳಗೆ ಇಬ್ಬರು ಬೇಡ ಅಂತ ಬೇಕೆಂದೇ ನೋಡಿಕೊಂಡೆ. ಹಾಗಿದ್ದರೆ ಹೋಲಿಕೆ ಶುರುವಾಗುತ್ತದೆ, ಗೈಡ್ ಕಿವಿಗೆ ಹೋಗುತ್ತದೆ ಅನ್ನೋ ಅಂಜಿಕೆಯೂ ಇರುತ್ತದೆ.

ಕೌಲ್ ಬಜಾರಿನ ಹತ್ತಿರ ಒಬ್ಬ ಗೆಳತಿಯ ಬಾಡಿಗೆ ಮನೆ. ಅದರ ಮಾಳಿಗೆ ಮೇಲೆ ಭಾನುವಾರ ಬೆಳಿಗ್ಗೆ 6:30ಕ್ಕೆ ಸೇರುತ್ತೇವೆ. ಬಳ್ಳಾರಿ ಬಿಸಿಲಿಗೆ 9ರ ನಂತರ ಅಲ್ಲಿ ಕೂರೋಕೆ ಆಗಲ್ಲ, ಅಲ್ವಾ? ಅದರಿಂದಲೇ ಮಾತು ಹಿಡಿತದಲ್ಲಿದೆ. ಸರದಿ ಇದ್ದವರು 4 ಪುಟ ಪ್ರಿಂಟ್ ತರಬೇಕು. ತಿದ್ದಿ ಚೆಂದ ಮಾಡಿದ್ದು ಬೇಡ, ಎಲ್ಲಿ ನಿಂತಿದೆಯೋ ಆ ಪುಟಗಳೇ ಬೇಕು. ಮನೆಯಲ್ಲಿ ಓದಿ ಬರೋಣ ಅಂದರೆ ಯಾರಿಗೂ ಪುರುಸೊತ್ತಿಲ್ಲ. ಅದಕ್ಕೇ ಅಲ್ಲೇ ಕೂತು 20 ನಿಮಿಷ ಸುಮ್ನೆ ಓದುತ್ತೇವೆ. ಆಮೇಲೆ ಪ್ರತಿಯೊಬ್ಬರೂ ಮೊದಲು ತಮಗೇನು ಅರ್ಥವಾಯಿತು ಅಂತ ಹೇಳಬೇಕು. ತಪ್ಪು ಹುಡುಕುವುದು ನಂತರ. ಬರೆದವರು ಅಲ್ಲಿವರೆಗೆ ಬಾಯಿ ತೆರೆಯುವ ಹಾಗಿಲ್ಲ. ಈ ಒಂದು ನಿಯಮ ಬಹಳ ಕೆಲಸ ಮಾಡಿತು. ನಾನು ಹೇಳಬೇಕೆಂದಿದ್ದೇ ಬೇರೆ, ಪುಟದಲ್ಲಿ ಇದ್ದದ್ದೇ ಬೇರೆ ಅಂತ ಬೇರೆಯವರ ಬಾಯಲ್ಲಿ ಕೇಳಿದಾಗಲೇ ನನಗೆ ಗೊತ್ತಾಗಿದ್ದು.

ಒಂದು ಭಾನುವಾರ ಪುಟಗಳನ್ನು ಬದಿಗಿಟ್ಟು ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2022ರ ಪಿಎಚ್‌ಡಿ ನಿಯಮಾವಳಿ ಓದಿದೆವು. ಸಮಾಜಶಾಸ್ತ್ರದ ಗೆಳತಿ ಆಗ ಬಸುರಿ. ಬಿಟ್ಟುಬಿಡುತ್ತೇನೆ ಅಂತ ಮನಸ್ಸು ಮಾಡಿಕೊಂಡೇ ಬಂದಿದ್ದಳು. ಹೆಣ್ಣುಮಕ್ಕಳಿಗೆ ಹೆರಿಗೆ ಮತ್ತು ಮಗುವಿನ ಆರೈಕೆಗೆ ಒಟ್ಟು 240 ದಿನದವರೆಗೆ ರಜೆ ಕೊಡಬಹುದು ಅಂತ ಅದರಲ್ಲಿದೆ. ಗರಿಷ್ಠ ಅವಧಿ 6 ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೂ 2, ಹೆಣ್ಣುಮಕ್ಕಳಿಗೆ ಅದರ ಮೇಲೂ 2 ವರ್ಷ ಸಡಿಲಿಕೆ ಸಿಗಬಹುದು. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಮರುದಿನವೇ ಅರ್ಜಿ ಬರೆದಳು. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟಿಸಲೇಬೇಕು ಅನ್ನುವ ಷರತ್ತನ್ನೂ ಯುಜಿಸಿ ಅದೇ ನಿಯಮಾವಳಿಯಲ್ಲಿ ಕೈಬಿಟ್ಟಿದೆ. ನಮ್ಮಲ್ಲೊಬ್ಬರು ಆ ಭಯಕ್ಕೇ ಒಂದು ಪತ್ರಿಕೆಗೆ ದುಡ್ಡು ಕಟ್ಟುವುದರಲ್ಲಿದ್ದರು. ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟಿರಬಹುದು, ಅದನ್ನು ಕಚೇರಿಯಲ್ಲಿ ಕೇಳಿ ನೋಡಿ ಅಂತ ತಡೆದೆವು.

ಮುಯ್ಯಿ ಅನ್ನೋದು ನನಗೆ ನಿಜವಾಗಿ ಮುಟ್ಟಿದ್ದು ಕಡತಗಳ ವಿಷಯದಲ್ಲಿ. ನನ್ನ ವಿಷಯ 1876-78ರ ಬರ, ತುಂಗಭದ್ರೆಯ ಎರಡೂ ದಡದಲ್ಲಿ. ಆಗ ಈಚೆ ದಡದ ಬಳ್ಳಾರಿ ಮದ್ರಾಸ್ ಪ್ರಾಂತ್ಯದ್ದು. 1953ರ ಅಕ್ಟೋಬರ್ 1ಕ್ಕೆ ಅದು ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ಹಳೇ ಕಡತಕ್ಕೆ ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು. ಆಚೆ ದಡದ ಕೊಪ್ಪಳ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯ. ಅಲ್ಲಿನದಕ್ಕೆ ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ಪತ್ರಾಗಾರ. ಅಲ್ಲಿ ಪಾರ್ಸಿ, ಉರ್ದು ಕಡತಗಳೇ ರಾಶಿ. ನನಗೆ ಉರ್ದು ಒಂದಕ್ಷರ ಬರಲ್ಲ. ಅರ್ಥಶಾಸ್ತ್ರದ ಗೆಳೆಯ ರಾಯಚೂರಿನವನು, ಉರ್ದು ಶಾಲೆಯಲ್ಲಿ ಓದಿದವನು. ನಾನು ತಂದ ಉರ್ದು ಪ್ರತಿಗಳನ್ನು 6 ಭಾನುವಾರ ಸಾಲುಸಾಲಾಗಿ ಓದಿ ಹೇಳಿದ. "ಅಕ್ಕಾ, ಇಲ್ಲಿ ನಿಮ್ಮ ಕಡೀ ಊರಿನ ಹೆಸರೈತಿ ನೋಡ್ರಿ" ಅಂದ ದಿನ ನನ್ನ ಕಣ್ಣು ತುಂಬಿ ಬಂತು. ಅವನ ಸಂಶೋಧನೆಯ ವಿಷಯ ಬಳ್ಳಾರಿಯ ಹತ್ತಿ ವ್ಯಾಪಾರ. ಚೆನ್ನೈಗೆ ಹೋದಾಗ ಅವನಿಗೆ ಬೇಕಿದ್ದ ಕಡತಗಳ ಪಟ್ಟಿಯನ್ನೂ ಒಯ್ದು ಎರಡು ದಿನ ಅವನ ಕೆಲಸಕ್ಕೇ ಕೂತೆ. ಅವನ ಪ್ರಬಂಧದ ಕನ್ನಡವನ್ನೂ ನಾನೇ ತಿದ್ದುತ್ತೇನೆ.

ಜಗಳವೂ ಆಗಿದೆ. ಒಬ್ಬರು ಹುಡುಕಿದ್ದ ಆಕರಗಳ ಪಟ್ಟಿಯನ್ನು ಇನ್ನೊಬ್ಬರು ತಮ್ಮ ಸೆಮಿನಾರ್ ಲೇಖನದಲ್ಲಿ ಬಳಸಿದರು, ಹೆಸರು ಹೇಳಲಿಲ್ಲ. ಎರಡು ವಾರ ಯಾರೂ ಮಾಳಿಗೆ ಹತ್ತಲಿಲ್ಲ. ಗುಂಪು ಒಡೆಯಿತು ಅಂದುಕೊಂಡೆ. ಕೊನೆಗೆ ಎಲ್ಲರೂ ಕೂತು, ಬಳಸಿದವರೇ ತಪ್ಪಾಯಿತು ಅಂದರು. ಲೇಖನಕ್ಕೆ ಕೃತಜ್ಞತೆಯ ಸಾಲು ಸೇರಿಸಿದರು. ಅವತ್ತಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಯಾರು ಯಾರಿಗೆ ಏನು ಕೊಟ್ಟರು, ಯಾವ ದಿನ ಅಂತ ಬರೆಯುತ್ತೇವೆ. ಸ್ನೇಹದಲ್ಲಿ ಲೆಕ್ಕ ಯಾಕೆ ಅಂತ ಕೆಲವರು ಕೇಳುತ್ತಾರೆ. ಲೆಕ್ಕ ಬರೆದಿಟ್ಟ ಮೇಲೆ ನಮ್ಮಲ್ಲಿ ಅನುಮಾನ ಹೋಯಿತು, ಕೊಡುವ ಕೈ ಇನ್ನೂ ಬಿಚ್ಚಿತು.

ಕನ್ನಡ ವಿಭಾಗದವರು ಹೋದ ತಿಂಗಳು ಪ್ರಬಂಧ ಸಲ್ಲಿಸಿದರು. ಸಮಾಜಶಾಸ್ತ್ರದವಳು ಈಗ ಮಗುವನ್ನು ಎತ್ತಿಕೊಂಡೇ ಬರುತ್ತಾಳೆ. ನಾವು ಓದುವಾಗ ಸರದಿ ಇದ್ದವರ ಮಡಿಲಲ್ಲಿ ಕೂಸು ಇರುತ್ತದೆ. ಊರಿಗೆ ಹೋದ ಗೆಳತಿಗೆ ಯುಗಾದಿಯಲ್ಲಿ ಫೋನ್ ಮಾಡಿದ್ದೆ. ಆ ಅಧ್ಯಾಯ ಇನ್ನೂ ಇದೆಯಾ ಅಂತ ಕೇಳಿದೆ. ಇದೆ ಅಂದಳು. 4 ಪುಟ ಕಳಿಸು ಅಂದಿದ್ದೇನೆ.