ಹಿತ್ತಲಿನ ಪ್ರಿವೆಟ್: ಸುಮ್ನೆ ಕತ್ತರಿಸಿದರೆ ಹೋಗಲ್ಲ

ಜಾರ್ಜಿಯಾ, ಕ್ಯಾರೊಲಿನಾ ಕಡೆ ಮನೆ ಇರುವವರು ಚಳಿಗಾಲದಲ್ಲಿ ಒಮ್ಮೆ ಹಿತ್ತಲು ನೋಡಿ. ಸುತ್ತಲಿನ ಮರಗಳು ಬೋಳಾದಾಗಲೂ ಸಣ್ಣ ಹಸಿರೆಲೆ, ಕಪ್ಪು-ನೀಲಿ ಹಣ್ಣಿನ ಗೊಂಚಲು ಇರುವ ಪೊದೆ ಕಂಡರೆ ಅದು ಚೈನೀಸ್ ಪ್ರಿವೆಟ್ ಇರಬಹುದು. 1852ರಲ್ಲಿ ಅಂದಕ್ಕೆಂದು ಅಮೆರಿಕಕ್ಕೆ ತಂದ ಗಿಡ ಇದು. ಹಕ್ಕಿಗಳು ಬೀಜವನ್ನು ಹೊಳೆದಂಡೆಗೆ, ಕಾಡಿಗೆ ಒಯ್ಯುತ್ತವೆ. ಅಲ್ಲಿ ದಟ್ಟವಾಗಿ ಹಬ್ಬಿದರೆ ನೆರಳಿನಡಿ ಅಲ್ಲಿನ ಗಿಡಗಳು ಏಳುವುದೇ ಇಲ್ಲ. ಜಾರ್ಜಿಯಾದ ಓಕೋನಿ ನದಿ ಬಯಲಲ್ಲಿ ಇದನ್ನು ತೆಗೆದ ಮೇಲೆ ಜೇನ್ನೊಣ, ಚಿಟ್ಟೆ ಜಾಸ್ತಿಯಾದವು.

ಬರೀ ಕತ್ತರಿಸಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಎಳೆ ಸಸಿಗಳನ್ನು ಮಳೆ ಬಂದ ಮಾರನೇ ದಿನ ಬೇರುಸಮೇತ ಕೀಳಿ, ಸಲೀಸಾಗಿ ಬರುತ್ತವೆ. ದೊಡ್ಡದನ್ನು ನೆಲಮಟ್ಟಕ್ಕೆ ಕೊಯ್ದು, ಕೊಯ್ದ ಜಾಗಕ್ಕೆ ಕೂಡಲೇ ಗ್ಲೈಫೋಸೇಟ್ ಎಂಬ ಕಳೆನಾಶಕ ಹಚ್ಚಿ. ತಡ ಮಾಡಿದರೆ ಔಷಧ ಬೇರಿಗೆ ಇಳಿಯಲ್ಲ. ಗ್ಲೌಸ್ ಹಾಕಿಕೊಳ್ಳಿ, ಲೇಬಲ್ ಓದಿ. ನೀರಿನ ಪಕ್ಕದಲ್ಲಾದರೆ ಅಲ್ಲಿಗೆಂದೇ ಅನುಮತಿ ಇರುವುದನ್ನೇ ತನ್ನಿ. ಹಣ್ಣು ವಿಷ, ಮಕ್ಕಳ ಕೈಗೆ ಸಿಗಬಾರದು.

ಬೇಲಿ ಬೇಕೇ ಬೇಕು ಅನ್ನುವವರು ಅಲ್ಲಿನದೇ ಆದ ‘ಯೋಪಾನ್ ಹಾಲಿ’ ಎಂಬ ಪೊದೆ ನೆಡಿ. ಆದರೆ ಹುಷಾರು, ಪ್ರಿವೆಟ್ ಅಂದುಕೊಂಡು ಇದನ್ನೇ ಕಡಿದುಬಿಡಬೇಡಿ. ಪ್ರಿವೆಟ್ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ. ಯೋಪಾನ್‌ದು ಹಾಗಲ್ಲ, ಒಂದಾದ ಮೇಲೊಂದು, ಹಣ್ಣೂ ಕೆಂಪು.