ಹಾಸನದಲ್ಲಿ ಕೂತ್ಕೊಂಡೇ ವಿಮಾನ ದಂಡವಾಗಿ ಬಿಡೋ ಹೊಗೆ ಲೆಕ್ಕ ಹಾಕೋದು ಹೇಗೆ

ಫೋನಲ್ಲಿ ಫ್ಲೈಟ್‌ರಾಡಾರ್24 ಹಾಕ್ಕೊಳಿ, ಹಾರ್ತಿರೋ ವಿಮಾನಗಳನ್ನ ಮ್ಯಾಪಲ್ಲಿ ತೋರ್ಸೋ ಆ್ಯಪ್ ಅದು, ಫ್ರೀದೇ ಸಾಕು. ಹಾಸನದ ಮೇಲೆ ಪೂರ್ವಕ್ಕೆ ಹೋಗ್ತಿರೋ ವಿಮಾನ ಒತ್ತಿ ನೋಡಿ, ಬೆಂಗಳೂರಿಗೆ ಹೊರಟಿದ್ರೆ ಬಿಡ್ಬೇಡಿ, ಯಾಕಂದ್ರೆ 35,000 ಅಡಿಯಿಂದ ಆರಾಮಾಗಿ ಇಳಿಯೋಕೆ ಸುಮಾರು 200 ಕಿ.ಮೀ. ಬೇಕು, ಅಂದ್ರೆ ದೇವನಹಳ್ಳಿಲಿ ಇಳಿಯೋ ಕೆಲ್ಸ ನಮ್ಮ ಸಕಲೇಶಪುರ-ಹಾಸನದ ಆಸುಪಾಸಲ್ಲೇ ಶುರುವಾಗುತ್ತೆ.

ಈಗ ಆಲ್ಟಿಟ್ಯೂಡ್, ಅಂದ್ರೆ ಎತ್ತರ, ನೋಡ್ತಾ ಇರಿ. ಒಂದೇ ಸಮ ಇಳೀತಿದ್ರೆ ಇಂಜಿನ್ ಹೆಚ್ಚುಕಮ್ಮಿ ಐಡಲ್‌ನಲ್ಲಿದೆ ಅಂತ, ಶಿರಾಡಿ ಘಾಟಿಲಿ ಆಕ್ಸಿಲರೇಟರ್ ಬಿಟ್ಟು ಇಳಿದಂಗೆ. ನಡುನಡುವೆ ಒಂದೇ ಎತ್ತರದಲ್ಲಿ ನಿಂತ್ರೆ ಮತ್ತೆ ಪವರ್ ಕೊಡ್ಬೇಕು, ಕೆಳಗಡೆ ಗಾಳಿ ದಟ್ಟ ಬೇರೆ, ಇಂಧನ ಜಾಸ್ತಿ ಕುಡಿಯುತ್ತೆ.

ಮ್ಯಾಪಲ್ಲಿ ಮೊಟ್ಟೆ ಆಕಾರದ ಸುತ್ತು ಕಂಡ್ರೆ ಅದೇ ಹೋಲ್ಡಿಂಗ್, ಅಂದ್ರೆ ಇಳಿಯೋಕೆ ಸರದಿ ಬರೋವರೆಗೂ ಮೇಲೇ ಸುತ್ತಾಡ್ತಾ ಕಾಯೋದು. ನಿಮಿಷ ಎಣಿಸಿ. ಏರ್‌ಬಸ್ ಎ320 ಆದ್ರೆ ನಿಮಿಷಕ್ಕೆ ಅಂದಾಜು 40 ಕೆಜಿ ಇಂಧನ ಇಟ್ಕೊಳಿ, ಅದನ್ನ 3.16ರಿಂದ ಗುಣಿಸಿದ್ರೆ ಕಾರ್ಬನ್ ಡೈಆಕ್ಸೈಡ್. 10 ನಿಮಿಷ ಸುತ್ತಿದ್ರೆ ಒಂದೂಕಾಲು ಟನ್ ಮಾರಾಯ್ರೆ!

ತಪ್ಸೋದು ಹೆಂಗೆ ಅಂದ್ರೆ, ಬೆಂಗಳೂರಲ್ಲಿ ರಶ್ ಇದೆ ಅಂತ ಮೊದ್ಲೇ ಗೊತ್ತಾದ್ರೆ ಹೊರಡೋ ಊರಲ್ಲೇ ಇಂಜಿನ್ ಆಫ್ ಮಾಡಿ ನಿಲ್ಸೋದು, ಇಲ್ಲಾ ಮೇಲಿದ್ದಾಗ್ಲೇ ಸ್ಪೀಡ್ ಸ್ವಲ್ಪ ಕಮ್ಮಿ ಮಾಡ್ಸೋದು. ನಂಗೆ ಮೊದಲ್ನೇದೇ ಸರಿ ಅನ್ಸುತ್ತೆ, ಪ್ರಯಾಣಿಕ್ರು ಬೈಕೊಂಡ್ರೂ ಪರ್ವಾಗಿಲ್ಲ. ಮಿಲಿಟರಿಗೆ ಮೀಸಲಿರೋ ಆಕಾಶದ ಜಾಗ ಖಾಲಿ ಇರೋವಾಗ ಅದ್ರೊಳಗಿಂದ ನೇರ ದಾರಿ ಬಿಟ್ಕೊಡೋದೂ ಇದೆ.

ಸುತ್ತು ಕಂಡ ತಕ್ಷಣ ವಿಮಾನಗಳಿಗೆ ದಾರಿ ಹೇಳೋ ಕಂಟ್ರೋಲರ್‌ನ ಬೈಬೇಡಿ, ಗುಡುಗು ಮಳೆ ಇದ್ರೆ ಬೇರೆ ದಾರಿನೇ ಇರಲ್ಲ.